ಮೊದಲ 'ಓಕೆ'ಯಿಂದ ಫೋನ್ ಇಡುವವರೆಗೆ: ಹಳೇ ಮೋಡೆಮ್‌ನಲ್ಲಿ ಬಿಬಿಎಸ್‌ಗೆ ಕರೆ ಮಾಡುವ ಸಮಗ್ರ ಮಾರ್ಗದರ್ಶಿ

ಕೆಲವರು ಅಟ್ಟದಲ್ಲಿದ್ದ ಹಳೇ ಡಯಲ್-ಅಪ್ ಮೋಡೆಮ್ (ಕಂಪ್ಯೂಟರಿನ ಮಾತನ್ನು ಫೋನ್ ಲೈನಿನಲ್ಲಿ ಹೋಗುವ ಸದ್ದಾಗಿ ಬದಲಿಸುವ ಪೆಟ್ಟಿಗೆ) ಇಳಿಸುತ್ತಾರೆ. ಧೂಳು ಒರೆಸಿ, ವೈರ್ ಸಿಕ್ಕಿಸಿ, ನೇರ ನಂಬರ್ ಡಯಲ್ ಮಾಡುತ್ತಾರೆ. 'ನೋ ಕ್ಯಾರಿಯರ್' ಅಂತ ಬರುತ್ತದೆ. ಸಂಪರ್ಕ ಇಲ್ಲ ಅಂತ ಅರ್ಥ. ಇನ್ನೊಮ್ಮೆ ಮಾಡಿದರೂ ಅದೇ. ಮೋಡೆಮ್ ಕೆಟ್ಟಿದೆ ಅಂದುಕೊಂಡು ಮತ್ತೆ ಅಟ್ಟಕ್ಕೇರಿಸುತ್ತಾರೆ. ಹೀಗೆ ಸೋತು ನನ್ನನ್ನು ಕೇಳಿದವರಲ್ಲಿ ಹೆಚ್ಚಿನವರ ಮೋಡೆಮ್ ಚೆನ್ನಾಗಿಯೇ ಇತ್ತು. ತಪ್ಪಿದ್ದು ಕೆಲಸದ ಕ್ರಮ.

ಬಿಬಿಎಸ್ ಅಂದರೆ ಬುಲೆಟಿನ್ ಬೋರ್ಡ್ ಸಿಸ್ಟಂ. ನಿಮ್ಮ ಮೋಡೆಮ್ ಫೋನ್ ಲೈನಿನ ಮೂಲಕ ಇನ್ನೊಬ್ಬರ ಕಂಪ್ಯೂಟರ್‌ಗೆ ನೇರ ಕರೆ ಮಾಡುತ್ತದೆ. ಆ ಕಡೆಯ ಮೋಡೆಮ್ ಕರೆ ಎತ್ತುತ್ತದೆ. ಆಮೇಲೆ ನೀವು ಟೈಪ್ ಮಾಡಿದ್ದು ಅಲ್ಲಿಗೆ, ಅಲ್ಲಿಯದು ನಿಮ್ಮ ತೆರೆಗೆ. ನಡುವೆ ಇಂಟರ್ನೆಟ್ ಇಲ್ಲ. 1978ರಲ್ಲಿ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್ಯಾಂಡಿ ಸ್ಯೂಸ್ ಶುರು ಮಾಡಿದ ಮೊದಲ ಬಿಬಿಎಸ್ ನಡೆದದ್ದೂ ಹೀಗೆಯೇ. 1995ರ ಆಗಸ್ಟ್ 15ಕ್ಕೆ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತಲ್ವಾ, ಆಗ ಶೆಲ್ ಅಕೌಂಟ್ (ಚಿತ್ರಗಳಿಲ್ಲದೆ ಬರೀ ಅಕ್ಷರ ಕಾಣುವ ಇಂಟರ್ನೆಟ್ ಸಂಪರ್ಕ) ತಗೊಂಡವರು ಇಡುತ್ತಿದ್ದ ಮೊದಲ ಹೆಜ್ಜೆಗಳೂ ಇವೇ. ಆಮೇಲೆ ಬಂದ ವಿಂಡೋಸ್ ಡಯಲ್-ಅಪ್ ಇದೆಲ್ಲವನ್ನೂ ತಾನೇ ಮಾಡಿಕೊಳ್ಳುತ್ತಿತ್ತು. ನಾವು ಬಟನ್ ಒತ್ತಿದರೆ ಸಾಕಿತ್ತು. ಹಾಗಾಗಿ ಮೋಡೆಮ್ ಬಳಸಿ ಗೊತ್ತಿದೆ ಅನ್ನುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ.

ಒಂದೇ ನಿಯಮ ನೆನಪಿಡಿ. ಕಂಪ್ಯೂಟರ್, ಕೇಬಲ್, ಮೋಡೆಮ್, ಫೋನ್ ಲೈನ್, ಆಚೆಯ ಮೋಡೆಮ್, ಆಚೆಯ ಕಂಪ್ಯೂಟರ್. ಇದು ಸರಪಳಿ. ಒಂದು ಕೊಂಡಿ ಸರಿಯಿದೆ ಅಂತ ಕಣ್ಣಾರೆ ನೋಡುವವರೆಗೆ ಮುಂದಿನ ಕೊಂಡಿ ಮುಟ್ಟಬೇಡಿ. ಡಯಲ್ ಮಾಡುವುದು ಹತ್ತರಲ್ಲಿ ಏಳನೇ ಕೆಲಸ, ಮೊದಲನೆಯದಲ್ಲ.

ಮೋಡೆಮ್‌ನ ಆದೇಶಗಳನ್ನು ಇಲ್ಲಿ ಅಕ್ಷರ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. 'ಎಟಿ ಡಿ ಟಿ' ಅಂದರೆ ಕೀಬೋರ್ಡಿನಲ್ಲಿ ಆ ನಾಲ್ಕು ಇಂಗ್ಲಿಷ್ ಅಕ್ಷರ ಒತ್ತಿ. ನಡುವಿನ ಖಾಲಿ ಜಾಗವನ್ನು ಮೋಡೆಮ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ. 0 ಕಂಡಲ್ಲೆಲ್ಲ ಅದು ಸೊನ್ನೆ, ಓ ಅಕ್ಷರ ಅಲ್ಲ.

## ಕೈಯಲ್ಲಿ ಇರಬೇಕಾದದ್ದು

ಹೊರಗೆ ಇಡುವ ಸೀರಿಯಲ್ ಮೋಡೆಮ್ ಬೇಕು. ಹಿಂಬದಿಯಲ್ಲಿ 25 ಪಿನ್ನಿನ ಅಗಲದ ಸಾಕೆಟ್, ಎರಡು ಫೋನ್ ಸಾಕೆಟ್, ಮುಂದೆ ಸಾಲು ದೀಪ ಇರುವಂಥದ್ದು. ಕಂಪ್ಯೂಟರ್ ಒಳಗೆ ಕೂರುವ ಕಾರ್ಡ್ ಮೋಡೆಮ್ ಬೇಡ. 90ರ ದಶಕದ ಕೊನೆಯಲ್ಲಿ ಬಂದ ಅಗ್ಗದ ಕಾರ್ಡ್‌ಗಳಲ್ಲಿ ಬಹಳಷ್ಟು ಅರ್ಧ ಮೋಡೆಮ್ ಮಾತ್ರ, ಉಳಿದರ್ಧ ಕೆಲಸ ವಿಂಡೋಸ್ ಡ್ರೈವರ್ ಮಾಡುತ್ತಿತ್ತು. ಆ ಡ್ರೈವರ್ ಇಲ್ಲದಿದ್ದರೆ ಕಾರ್ಡ್ ನಿರುಪಯೋಗಿ.

ಮೋಡೆಮ್ ಜತೆ ಬಂದ ಅಡಾಪ್ಟರ್ ಇದ್ದರೆ ಅದನ್ನೇ ಬಳಸಿ. ಕಳೆದಿದ್ದರೆ ಮೋಡೆಮ್ ತಳದಲ್ಲಿ ಏನು ಬರೆದಿದೆ ಓದಿ. ಎಷ್ಟೋ ಹಳೇ ಮೋಡೆಮ್‌ಗಳಿಗೆ 9 ವೋಲ್ಟ್ ಎಸಿ ಬೇಕು, ಡಿಸಿ ಅಲ್ಲ. ಪಿನ್ ಕೂತಿತು ಅಂತ ರೂಟರ್ ಅಡಾಪ್ಟರ್ ಸಿಕ್ಕಿಸಿ ಸುಟ್ಟವರಿದ್ದಾರೆ. ಅಮೆರಿಕದಿಂದ ಬಂದ ಮೋಡೆಮ್ ಆದರೆ ಅಡಾಪ್ಟರ್ 120 ವೋಲ್ಟಿನದ್ದಾ ಅಂತ ನೋಡಿ. ಅದನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಕೂಡಲೇ ಹೊಗೆ ಬರುತ್ತದೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ (ಮೋಡೆಮ್ ಕೇಬಲ್ ಕೂರುವ ಹಳೇ 9 ಪಿನ್ನಿನ ಸಾಕೆಟ್) ಇಲ್ಲ, ಆದ್ದರಿಂದ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕನ್ವರ್ಟರ್ ಬೇಕು. ಎಫ್‌ಟಿಡಿಐ ಕಂಪನಿಯ ಚಿಪ್ ಇರುವುದನ್ನೇ ಕೇಳಿ ತಗೊಳ್ಳಿ. ಅಗ್ಗದ ನಕಲಿ ಚಿಪ್‌ಗಳನ್ನು ಹೊಸ ವಿಂಡೋಸ್ ಡ್ರೈವರ್ ಒಪ್ಪದಿರಬಹುದು. ಜತೆಗೆ ಒಂದು ತುದಿ 9 ಪಿನ್, ಇನ್ನೊಂದು ತುದಿ 25 ಪಿನ್ ಇರುವ ಮೋಡೆಮ್ ಕೇಬಲ್. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಹುಡುಕಿ. ಕೇಳುವಾಗ 'ನೇರ ಕೇಬಲ್' ಅನ್ನಿ. 'ನಲ್ ಮೋಡೆಮ್' ಕೇಬಲ್ ಹೆಸರಿನಲ್ಲಿ ಮೋಡೆಮ್ ಇದ್ದರೂ ಅದು ಎರಡು ಕಂಪ್ಯೂಟರ್‌ಗಳನ್ನು ನೇರ ಜೋಡಿಸುವುದಕ್ಕೆ. ಅದರಲ್ಲಿ ವೈರ್‌ಗಳು ಅಡ್ಡಡ್ಡ ಹೋಗಿರುತ್ತವೆ. ಈ ಒಂದು ಹೆಸರಿನಿಂದ ಆದ ಗೊಂದಲಕ್ಕೆ ಲೆಕ್ಕವಿಲ್ಲ.

ಸಾಫ್ಟ್‌ವೇರ್ ಎರಡು ಸಾಕು: ಪರೀಕ್ಷೆಗೆ ಪುಟ್ಟಿ, ಬಿಬಿಎಸ್‌ಗೆ ಸಿಂಕ್‌ಟರ್ಮ್. ನೀವು ಟೈಪ್ ಮಾಡಿದ್ದನ್ನು ಕಳಿಸಿ ಬಂದದ್ದನ್ನು ತೋರಿಸುವ ಪ್ರೋಗ್ರಾಂಗಳಿವು, ಎರಡೂ ಉಚಿತ. ಇಂಥದ್ದೇ ಹಳೇ ಹೈಪರ್‌ಟರ್ಮಿನಲ್ ವಿಸ್ಟಾದಿಂದ ಈಚೆಗೆ ವಿಂಡೋಸ್ ಜತೆ ಬರುವುದಿಲ್ಲ. ಅದನ್ನು ಹುಡುಕಿ ಸಮಯ ಕಳೆಯಬೇಡಿ.

## ಹಂತ 1: ಮೋಡೆಮ್ ಮುಟ್ಟದೆ ಒಂದು ಬಿಬಿಎಸ್ ನೋಡಿ

ಸರಿಯಾದದ್ದು ಹೇಗಿರುತ್ತದೆ ಅಂತ ಗೊತ್ತಿಲ್ಲದಿದ್ದರೆ ತಪ್ಪಾದದ್ದು ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಈಗಿನ ಇಂಟರ್ನೆಟ್ ಮೂಲಕವೇ ಒಂದು ಬಿಬಿಎಸ್ ಒಳಗೆ ಹೋಗಿ ಬನ್ನಿ. ಇವತ್ತು ಜೀವಂತ ಇರುವ ಬಿಬಿಎಸ್‌ಗಳಲ್ಲಿ ಹೆಚ್ಚಿನವು ಟೆಲ್‌ನೆಟ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಅಕ್ಷರ ಕಳಿಸುವ ಹಳೇ ವಿಧಾನದಲ್ಲಿ, ಸಿಗುತ್ತವೆ. ಸಿಂಕ್‌ಟರ್ಮ್ ಜತೆಗೆ ವಿಳಾಸಗಳ ಪಟ್ಟಿಯೂ ಸಿಗುತ್ತದೆ. ಅದರಲ್ಲಿ ಒಂದನ್ನು ಆರಿಸಿ ಎಂಟರ್ ಒತ್ತಿ.

ಬಣ್ಣಬಣ್ಣದ ಅಕ್ಷರ ಚಿತ್ರ, ಗೆರೆ ಎಳೆದ ಚೌಕ, ಕೆಳಗೆ ಹೆಸರು ಕೇಳುವ ಸಾಲು. ಇದೇ ನಿಮ್ಮ ಗುರಿ. ಅದೇ ವಿಳಾಸಕ್ಕೆ ಪುಟ್ಟಿಯಿಂದಲೂ ಹೋಗಿ ನೋಡಿ. ಚೌಕದ ಗೆರೆಗಳ ಜಾಗದಲ್ಲಿ ಅಡ್ಡಾದಿಡ್ಡಿ ಚಿಹ್ನೆ ಬಂದರೆ ಗಾಬರಿ ಬೇಡ. ಬಿಬಿಎಸ್‌ಗಳು ಹಳೇ ಐಬಿಎಂ ಪಿಸಿಯ 437ನೇ ಅಕ್ಷರ ಕೋಷ್ಟಕ ಬಳಸುತ್ತವೆ. ಪುಟ್ಟಿ ಸುಮ್ನೆ ಬಿಟ್ಟರೆ ಈಗಿನ ಅಕ್ಷರ ವಿಧಾನವಾದ ಯುಟಿಎಫ್-8 ಅಂದುಕೊಳ್ಳುತ್ತದೆ. ಇದು ಲೈನಿನ ದೋಷ ಅಲ್ಲ, ತೆರೆಯ ದೋಷ. ಈ ವ್ಯತ್ಯಾಸ ಈಗಲೇ ಕಣ್ಣಿಗೆ ಕೂತರೆ ಮುಂದೆ ಒಂದು ಸಂಜೆ ಉಳಿಯುತ್ತದೆ.

## ಹಂತ 2: ಪೋರ್ಟ್ ಮತ್ತು ಕೇಬಲ್ ಪರೀಕ್ಷೆ

ಕನ್ವರ್ಟರ್ ಚುಚ್ಚಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಅದಕ್ಕೆ ಯಾವ ಕಾಮ್ ನಂಬರ್ (ಸೀರಿಯಲ್ ಪೋರ್ಟಿಗೆ ವಿಂಡೋಸ್ ಕೊಡುವ ಹೆಸರು) ಬಂದಿದೆ ನೋಡಿ ಬರೆದಿಟ್ಟುಕೊಳ್ಳಿ. ಬೇರೆ ಯುಎಸ್‌ಬಿ ಜಾಗಕ್ಕೆ ಚುಚ್ಚಿದರೆ ನಂಬರ್ ಬದಲಾಗಬಹುದು, ದಿನಾ ಒಂದೇ ಜಾಗಕ್ಕೆ ಚುಚ್ಚಿ. ಲಿನಕ್ಸ್‌ನಲ್ಲಾದರೆ ನಿಮ್ಮ ಯೂಸರ್ ಹೆಸರು 'ಡಯಲ್‌ಔಟ್' ಗುಂಪಿನಲ್ಲಿ ಇರಬೇಕು. ಸೇರಿಸಿದ ಮೇಲೆ ಲಾಗ್ಔಟ್ ಆಗಿ ಮತ್ತೆ ಬನ್ನಿ.

ಈಗ ಕೇಬಲ್ ಕನ್ವರ್ಟರ್‌ಗೆ ಹಾಕಿ, ಇನ್ನೊಂದು ತುದಿ ಮೇಜಿನ ಮೇಲೆ ಬಿಡಿ. ಮೋಡೆಮ್‌ಗೆ ಹಾಕಬೇಡಿ. ಪುಟ್ಟಿಯಲ್ಲಿ ಸೀರಿಯಲ್ ಆರಿಸಿ, ಆ ಕಾಮ್ ನಂಬರ್, ವೇಗ 9600 (ಸೆಕೆಂಡಿಗೆ ಇಷ್ಟು ಬಿಟ್), ಫ್ಲೋ ಕಂಟ್ರೋಲ್ (ಡೇಟಾ ಹರಿವನ್ನು ತಡೆದು ಬಿಡುವ ಏರ್ಪಾಡು) 'ನನ್', ಅಂದರೆ ಬೇಡ ಅಂತ ಇಟ್ಟು ತೆರೆಯಿರಿ. ಏನಾದರೂ ಟೈಪ್ ಮಾಡಿ. ತೆರೆಯ ಮೇಲೆ ಏನೂ ಬರುವುದಿಲ್ಲ. ಬರಲೂಬಾರದು.

ಈಗ ಒಂದು ಪೇಪರ್ ಕ್ಲಿಪ್ ಬಿಡಿಸಿ ಯು ಆಕಾರಕ್ಕೆ ಬಗ್ಗಿಸಿ. ಕೇಬಲ್ಲಿನ 25 ಪಿನ್ ತುದಿ ಹಿಡಿದು ನೋಡಿದರೆ ಪಿನ್‌ಗಳ ಪಕ್ಕ ಸೂಜಿ ಮೊನೆಯಷ್ಟು ಸಣ್ಣ ಅಂಕಿಗಳು ಕಾಣುತ್ತವೆ. ಬೆಳಕಿಗೆ ಓರೆ ಹಿಡಿದರೆ ಓದಬಹುದು. 2 ಮತ್ತು 3ನೇ ಪಿನ್ ಎರಡಕ್ಕೂ ಕ್ಲಿಪ್ ತಾಗಿಸಿ ಹಿಡಿದುಕೊಂಡು ಒಂದು ಅಕ್ಷರ ಒತ್ತಿ. ತೆರೆಯ ಮೇಲೆ ಅದೇ ಅಕ್ಷರ ಬರಬೇಕು. ಕ್ಲಿಪ್ ತೆಗೆದರೆ ಬರಬಾರದು. ಕಳಿಸುವ ವೈರಿನಲ್ಲಿ ಹೋದದ್ದು ಕ್ಲಿಪ್ ದಾಟಿ ಪಡೆಯುವ ವೈರಿನಲ್ಲಿ ವಾಪಸ್ ಬಂತು, ಅಷ್ಟೇ. ಆದರೆ ಈ ಒಂದು ಅಕ್ಷರ ವಾಪಸ್ ಬಂದರೆ ಡ್ರೈವರ್, ಕನ್ವರ್ಟರ್, ಕೇಬಲ್ಲಿನ ಆ ಎರಡು ವೈರ್ ಮೂರೂ ಸರಿ ಅಂತ ಖಾತ್ರಿ. ನಲ್ ಮೋಡೆಮ್ ಕೇಬಲ್ ಕೂಡ ಈ ಪರೀಕ್ಷೆ ಪಾಸಾಗುತ್ತದೆ. ಅದು ಸಿಕ್ಕಿಬೀಳುವುದು ಮುಂದಿನ ಹಂತದಲ್ಲಿ.

'ಪೋರ್ಟ್ ತೆರೆಯಲಾಗುತ್ತಿಲ್ಲ' ಅಂತ ಬಂದರೆ ಇನ್ನೊಂದು ಪ್ರೋಗ್ರಾಂ ಆ ಪೋರ್ಟ್ ಹಿಡಿದುಕೊಂಡಿದೆ. ಪುಟ್ಟಿ, ಸಿಂಕ್‌ಟರ್ಮ್ ಎರಡನ್ನೂ ಒಟ್ಟಿಗೆ ತೆರೆದಿಟ್ಟರೆ ಹೀಗಾಗುತ್ತದೆ. ಒಂದನ್ನು ಮುಚ್ಚಿ.

## ಹಂತ 3: ಮೋಡೆಮ್ ಬಾಯಿಂದ 'ಓಕೆ' ಹೊರಡಿಸಿ

ಕೇಬಲ್ ಮೋಡೆಮ್‌ಗೆ ಹಾಕಿ, ಎರಡು ಬದಿಯ ಸ್ಕ್ರೂ ಬಿಗಿ ಮಾಡಿ. ಫೋನ್ ವೈರ್ ಇನ್ನೂ ಹಾಕಬೇಡಿ. ಪವರ್ ಕೊಡಿ. 'ಎಂಆರ್' ದೀಪ ಹತ್ತಬೇಕು, ಮೋಡೆಮ್ ತಯಾರಿದೆ ಅಂತ ಅರ್ಥ. ಪುಟ್ಟಿಯಲ್ಲಿ ಪೋರ್ಟ್ ತೆರೆದ ಕೂಡಲೇ 'ಟಿಆರ್' ಹತ್ತಬೇಕು, ನಿಮ್ಮ ಕಂಪ್ಯೂಟರ್ ತಯಾರಿದೆ ಅಂತ. ಮುಚ್ಚಿದರೆ ಟಿಆರ್ ಆರಬೇಕು. ಟಿಆರ್ ಹತ್ತದೇ ಹೋದರೆ ಕೇಬಲ್ ಬದಲಿಸಿ ನೋಡಿ.

'ಎಟಿ' ಟೈಪ್ ಮಾಡಿ ಎಂಟರ್ ಒತ್ತಿ. ಕೆಳಗೆ 'ಓಕೆ' ಬಂದರೆ ಅರ್ಧ ಗೆದ್ದಿರಿ. ಎರಡಕ್ಷರವನ್ನೂ ದೊಡ್ಡದಾಗಿ ಇಲ್ಲವೇ ಎರಡನ್ನೂ ಸಣ್ಣದಾಗಿ ಒತ್ತಬೇಕು. ಒಂದು ದೊಡ್ಡದು ಒಂದು ಸಣ್ಣದು ಇದ್ದರೆ ಮೋಡೆಮ್ ಗಮನಿಸುವುದೇ ಇಲ್ಲ. ಕಂಪ್ಯೂಟರ್ ಯಾವ ವೇಗದಲ್ಲಿ ಮಾತಾಡುತ್ತಿದೆ ಅಂತ ಮೋಡೆಮ್ ಕಲಿಯುವುದೇ ಈ ಎರಡು ಅಕ್ಷರಗಳಿಂದ.

ಓಕೆ ಬರದಿದ್ದಾಗ ತೆರೆ ಏನು ತೋರಿಸುತ್ತಿದೆ ನೋಡಿ:

- ಏನೂ ಕಾಣಿಸುತ್ತಿಲ್ಲ, ಆದರೆ ಟೈಪ್ ಮಾಡಿದಾಗ 'ಎಸ್‌ಡಿ' ದೀಪ ಮಿನುಗುತ್ತದೆ: ಅಕ್ಷರ ಮೋಡೆಮ್ ತಲುಪುತ್ತಿದೆ. ಅದು ಸುಮ್ಮನಿರುವ ಹಾಗೆ ಯಾರೋ ಹೊಂದಿಸಿದ್ದಾರೆ. ಕುರುಡಾಗಿ 'ಎಟಿ & ಎಫ್' ಒತ್ತಿ ಎಂಟರ್ ಮಾಡಿ, ಆಮೇಲೆ 'ಎಟಿ ಇ1 ಕ್ಯೂ0 ವಿ1'.
- ಏನೂ ಇಲ್ಲ, ಎಸ್‌ಡಿ ದೀಪವೂ ಇಲ್ಲ: ಕೇಬಲ್ ನಲ್ ಮೋಡೆಮ್ ಇರಬಹುದು, ಇಲ್ಲವೇ ಪುಟ್ಟಿಯಲ್ಲಿ ಫ್ಲೋ ಕಂಟ್ರೋಲ್ ತಡೆಯುತ್ತಿದೆ.
- ಕಸದ ಚಿಹ್ನೆಗಳು: ವೇಗ ಹೊಂದಿಲ್ಲ. 9600, 2400, 1200 ಹೀಗೆ ಇಳಿಸುತ್ತಾ ಪ್ರಯತ್ನಿಸಿ.
- ಪ್ರತಿ ಅಕ್ಷರವೂ ಎರಡೆರಡು ಸಲ: ಪುಟ್ಟಿಯ ಲೋಕಲ್ ಎಕೋ (ಟೈಪ್ ಮಾಡಿದ್ದನ್ನು ತಾನೇ ತೋರಿಸುವುದು) ಆನ್ ಇದೆ, ಮೋಡೆಮ್ ಕೂಡ ಎಕೋ ಮಾಡುತ್ತಿದೆ. ಪುಟ್ಟಿಯದನ್ನು ಆಫ್ ಮಾಡಿ.
- ಬರೀ '0' ಅಂತ ಉತ್ತರ: ಇದೂ ಓಕೆಯೇ, ಅಂಕಿಯಲ್ಲಿ ಹೇಳುತ್ತಿದೆ. 'ಎಟಿ ವಿ1' ಕೊಟ್ಟರೆ ಪದದಲ್ಲಿ ಹೇಳುತ್ತದೆ.

ಈ ಹಂತದಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಿ. ಓಕೆ ಇಲ್ಲದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

## ಹಂತ 4: ಮೋಡೆಮ್ ಹೊಂದಿಸಿ, ಉಳಿಸಿ

ಸೆಕೆಂಡ್ ಹ್ಯಾಂಡ್ ಮೋಡೆಮ್‌ನಲ್ಲಿ ಹಿಂದಿನವರ ಹೊಂದಿಕೆ ಉಳಿದಿರುತ್ತದೆ. 'ಎಟಿ & ಎಫ್' ಕೊಟ್ಟು ಕಾರ್ಖಾನೆಯ ಹೊಂದಿಕೆಗೆ ತನ್ನಿ. ಆಮೇಲೆ 'ಎಟಿ & ಸಿ1 & ಡಿ2'. ಇದರಿಂದ ಸಿಡಿ ದೀಪ ನಿಜವಾಗಿ ಸಂಪರ್ಕ ಇದ್ದಾಗ ಮಾತ್ರ ಹತ್ತುತ್ತದೆ, ಪ್ರೋಗ್ರಾಂ ಮುಚ್ಚಿದರೆ ಮೋಡೆಮ್ ತಾನೇ ಫೋನ್ ಇಡುತ್ತದೆ. ಇದನ್ನು ಬಿಟ್ಟರೆ ನೀವು ಕಂಪ್ಯೂಟರ್ ಮುಚ್ಚಿ ಮಲಗಿದ ಮೇಲೂ ಕರೆ ನಡೆಯುತ್ತಲೇ ಇರಬಹುದು. ಬಿಲ್ ನಿಮ್ಮದು.

'ಎಟಿ ಎಂ1 ಎಲ್2' ಕೊಟ್ಟರೆ ಸ್ಪೀಕರ್ ಡಯಲ್‌ನಿಂದ ಸಂಪರ್ಕದವರೆಗೆ ಕೇಳಿಸುತ್ತದೆ. ಸದ್ದು ಬೇಡ ಅಂತ ಆರಿಸಬೇಡಿ. ಏಳನೇ ಹಂತದಲ್ಲಿ ನಿಮ್ಮ ಕಿವಿಯೇ ಮೀಟರ್. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್‌ಗೆ ಯುಎಸ್ ರೋಬೋಟಿಕ್ಸ್ ಮೋಡೆಮ್ ಆದರೆ 'ಎಟಿ & ಎಚ್1', ರಾಕ್‌ವೆಲ್ ಅಥವಾ ಕೊನೆಕ್ಸೆಂಟ್ ಚಿಪ್ ಆದರೆ 'ಎಟಿ & ಕೆ3'. ಪುಟ್ಟಿಯಲ್ಲೂ ಈಗ ಫ್ಲೋ ಕಂಟ್ರೋಲ್‌ಗೆ ಆರ್‌ಟಿಎಸ್/ಸಿಟಿಎಸ್ ಆನ್ ಮಾಡಿ. ಕೊನೆಗೆ 'ಎಟಿ & ಡಬ್ಲ್ಯೂ' ಕೊಟ್ಟು ಉಳಿಸಿ. ಉಳಿಸದಿದ್ದರೆ ಪವರ್ ಹೋದ ಕೂಡಲೇ ಎಲ್ಲ ಮರೆತುಹೋಗುತ್ತದೆ.

## ಹಂತ 5: ಫೋನ್ ಲೈನ್ ಯಾವ ಜಾತಿಯದು ನೋಡಿ

ಇಲ್ಲಿ ಸೋಲುವವರೇ ಜಾಸ್ತಿ. 90ರ ದಶಕದ ಲೈನ್ ಮತ್ತು ಈಗಿನ ಲೈನ್ ಒಂದೇ ಅಲ್ಲ.

ತಾಮ್ರದ ಲ್ಯಾಂಡ್‌ಲೈನ್ ಇನ್ನೂ ಇದ್ದರೆ ನಿಮಗೆ ಅದೃಷ್ಟವಿದೆ. ಗೋಡೆಯ ರೋಸೆಟ್ ಬಾಕ್ಸಿನಿಂದ ನೇರ ಮೋಡೆಮ್‌ನ 'ಲೈನ್' ಸಾಕೆಟ್‌ಗೆ ವೈರ್ ಹಾಕಿ. ಪಕ್ಕದ 'ಫೋನ್' ಸಾಕೆಟ್ ಟೆಲಿಫೋನ್ ಉಪಕರಣಕ್ಕೆ. ಎರಡನ್ನೂ ಅದಲು ಬದಲು ಮಾಡುವುದು ತುಂಬಾ ಸಾಮಾನ್ಯ. ಅದೇ ಲೈನಿನಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ನಡುವೆ ಫೋನ್ ಮತ್ತು ಬ್ರಾಡ್‌ಬ್ಯಾಂಡ್ ಬೇರ್ಪಡಿಸುವ ಸ್ಪ್ಲಿಟರ್ ಇರಲೇಬೇಕು. ಕಾಲ್ ವೇಟಿಂಗ್ ಇದ್ದರೆ ತೆಗೆಸಿ, ಇನ್ನೊಂದು ಕರೆಯ 'ಪೀಂ' ಸದ್ದು ನಿಮ್ಮ ಸಂಪರ್ಕ ಕಡಿಯುತ್ತದೆ. ತೆಗೆಸಲಾಗದಿದ್ದರೆ 'ಎಟಿ ಎಸ್10=50' ಕೊಡಿ. ಆಗ 5 ಸೆಕೆಂಡಿನವರೆಗೆ ಸಂಪರ್ಕ ತಪ್ಪಿದರೂ ಮೋಡೆಮ್ ಫೋನ್ ಇಡದೆ ಕಾಯುತ್ತದೆ.

ಫೈಬರ್ ಲೈನ್ ಇದ್ದರೆ ನಿರೀಕ್ಷೆ ಇಳಿಸಿಕೊಳ್ಳಿ. ಆ ಬಾಕ್ಸಿನ ಹಿಂದಿನ ಫೋನ್ ಸಾಕೆಟ್ ನಿಮ್ಮ ದನಿಯನ್ನು ತುಂಡು ತುಂಡಾಗಿ ಕತ್ತರಿಸಿ ಡೇಟಾ ಆಗಿ ಕಳಿಸುತ್ತದೆ. ನಡುವೆ ಒಂದು ತುಂಡು ತಡವಾದರೆ ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ. ಮೋಡೆಮ್‌ಗೆ ಅದು ಮಾತೇ ಮುರಿದ ಹಾಗೆ. ಇಂಥ ಲೈನಿನಲ್ಲಿ ಮೋಡೆಮ್ ವೇಗ ನೀವೇ ಕಟ್ಟಿಹಾಕಬೇಕು: ಯುಎಸ್ ರೋಬೋಟಿಕ್ಸ್ ಆದರೆ 'ಎಟಿ & ಎನ್3' ಕೊಟ್ಟು 2400ಕ್ಕೆ ಇಳಿಸಿ. ಬೇರೆ ಕಂಪನಿಯದಾದರೆ ಅದರ ಕೈಪಿಡಿಯಲ್ಲಿ 'ಪ್ಲಸ್ ಎಂಎಸ್' ಆದೇಶ ಹುಡುಕಿ, 2400 ವೇಗದ ವಿ.22 ಬಿಸ್ ಆರಿಸಿ. ಅದು ನಿಂತರೆ 9600, ಆಮೇಲೆ 14400. ಮೇಲಿಂದ ಇಳಿಯಬೇಡಿ, ಕೆಳಗಿಂದ ಹತ್ತಿ. ದನಿಯನ್ನು ಹೆಚ್ಚು ಒತ್ತಿ ಕಿರಿದು ಮಾಡುವ ಸೇವೆ ಆದರೆ 2400 ಕೂಡ ನಿಲ್ಲದಿರಬಹುದು. ಆಗ ನಿಮ್ಮ ತಪ್ಪೇನೂ ಇಲ್ಲ.

ಆಫೀಸಿನ ಡಿಜಿಟಲ್ ಫೋನ್ ಸಾಕೆಟ್‌ಗೆ ಮಾತ್ರ ಹಾಕಲೇಬೇಡಿ. ನೋಡಲು ಒಂದೇ ಥರ ಇದ್ದರೂ ಒಳಗಿನ ವಿದ್ಯುತ್ ಬೇರೆ, ಮೋಡೆಮ್ ಸುಡಬಹುದು. ಮಾಮೂಲಿ ಟೆಲಿಫೋನ್ ಹಾಕಿದರೆ ಟೋನ್ ಬರುವ ಸಾಕೆಟ್ ಆಗಬೇಕು.

ಇನ್ನೊಂದು ಮಾತು, ಇದನ್ನು ಲಘುವಾಗಿ ತಗೊಳ್ಳಬೇಡಿ. ನಮ್ಮದು ಮಲೆನಾಡು. ಏಪ್ರಿಲ್‌ನ ಮೊದಲ ಗುಡುಗು ಮಳೆಗೆ ನನ್ನ ಒಳ್ಳೆಯ ಮೋಡೆಮ್ ಒಂದು ಹೋಯಿತು. ಕರೆಂಟ್ ಪ್ಲಗ್ ಕಿತ್ತಿದ್ದೆ, ಫೋನ್ ವೈರ್ ಬಿಟ್ಟಿದ್ದೆ. ಮರುದಿನ ತೆರೆದು ನೋಡಿದರೆ ಲೈನ್ ಸಾಕೆಟ್ ಹಿಂದೆ ಬೆರಳಿನ ಉಗುರಿನಷ್ಟು ಜಾಗ ಕಪ್ಪಗಾಗಿತ್ತು, ತಾಮ್ರದ ಗೆರೆಯೇ ಆವಿಯಾಗಿತ್ತು. ಮೋಡ ಕವಿದರೆ ಎರಡೂ ವೈರ್ ಕಿತ್ತಿಡಿ.

## ಹಂತ 6: ಮನೆಯೊಳಗೇ ಒಂದು ಕರೆ ಮಾಡಿ

ಎರಡನೇ ಮೋಡೆಮ್, ಎರಡನೇ ಕಂಪ್ಯೂಟರ್ ಸಿಕ್ಕರೆ ಈ ಹಂತ ಬಿಡಬೇಡಿ. ಹೊರಗಿನ ಲೈನಿನ ತಂಟೆಯಿಲ್ಲದೆ ಅಭ್ಯಾಸ ಆಗುತ್ತದೆ, ಖರ್ಚೂ ಇಲ್ಲ. ಸಣ್ಣ ಅಂಗಡಿ, ಕ್ಲಿನಿಕ್‌ಗಳಲ್ಲಿ ಇರುವ ಇಂಟರ್‌ಕಾಂ ಬಾಕ್ಸ್ ಹಳೆಯದೊಂದು ಸಿಕ್ಕರೆ ಬಹಳ ಒಳ್ಳೆಯದು. ಅದರ ಎರಡು ಎಕ್ಸ್‌ಟೆನ್ಷನ್‌ಗಳಿಗೆ ಎರಡು ಮೋಡೆಮ್ ಹಾಕಿ. ಎತ್ತುವ ಕಡೆ 'ಎಟಿ ಎಸ್0=1' ಕೊಡಿ, ಒಂದು ರಿಂಗ್ ಆದ ಕೂಡಲೇ ಎತ್ತಿಕೊಳ್ಳುತ್ತದೆ. 'ಎಎ' ದೀಪ ಹತ್ತುತ್ತದೆ. ಕರೆ ಮಾಡುವ ಕಡೆ 'ಎಟಿ ಡಿ ಟಿ' ಮತ್ತು ಎಕ್ಸ್‌ಟೆನ್ಷನ್ ನಂಬರ್.

'ನೋ ಡಯಲ್‌ಟೋನ್' ಅಂತ ಬಂದರೆ ಮೊದಲು ಟೆಲಿಫೋನ್ ಹಾಕಿ ಟೋನ್ ಇದೆಯಾ ಕೇಳಿ. ಇದ್ದೂ ಹೀಗೆ ಬಂದರೆ ಇಂಟರ್‌ಕಾಂ ಟೋನ್ ಮೋಡೆಮ್‌ಗೆ ಗುರುತು ಸಿಗುತ್ತಿಲ್ಲ. 'ಎಟಿ ಎಕ್ಸ್3' ಕೊಟ್ಟರೆ ಟೋನ್‌ಗೆ ಕಾಯದೆ ಡಯಲ್ ಮಾಡುತ್ತದೆ.

ಇಂಟರ್‌ಕಾಂ ಇಲ್ಲದಿದ್ದರೆ ಎರಡು ಮೋಡೆಮ್‌ಗಳ ಲೈನ್ ಸಾಕೆಟ್‌ಗಳನ್ನು ಒಂದೇ ಫೋನ್ ವೈರಿನಿಂದ ಜೋಡಿಸಿ. ಒಂದರಲ್ಲಿ 'ಎಟಿ ಎಕ್ಸ್3 ಡಿ', ಕೂಡಲೇ ಇನ್ನೊಂದರಲ್ಲಿ 'ಎಟಿ ಎ'. ಬಹಳ ಮೋಡೆಮ್‌ಗಳು ಹೀಗೇ ಕೂಡಿಕೊಳ್ಳುತ್ತವೆ. ಕೆಲವು ಮಾತ್ರ ಲೈನಿನಲ್ಲಿ ವಿದ್ಯುತ್ ಇಲ್ಲದೆ ಅಲ್ಲಾಡುವುದಿಲ್ಲ.

'ಕನೆಕ್ಟ್' ಬಂದ ಮೇಲೆ ಒಂದು ಕಡೆ ಟೈಪ್ ಮಾಡಿದ್ದು ಇನ್ನೊಂದು ಕಡೆ ಮೂಡಬೇಕು. ನಿಮ್ಮ ಟೈಪಿಂಗ್ ನಿಮಗೇ ಕಾಣುವುದಿಲ್ಲ, ಎಕೋ ಮಾಡಲು ಆ ಕಡೆ ಬಿಬಿಎಸ್ ಇಲ್ಲವಲ್ಲ. ಎರಡು ಮಾಮೂಲಿ ಮೋಡೆಮ್‌ಗಳ ನಡುವೆ 33600ಕ್ಕಿಂತ ವೇಗ ಬರುವುದಿಲ್ಲ, ಡಬ್ಬಿಯ ಮೇಲೆ 56ಕೆ ಅಂತ ಬರೆದಿದ್ದರೂ. ಆ 56ಕೆಗೆ ಆಚೆ ಕಡೆ ಎಕ್ಸ್‌ಚೇಂಜ್‌ಗೆ ಡಿಜಿಟಲ್ ಸಂಪರ್ಕ ಇರಬೇಕು, ಇಂಟರ್ನೆಟ್ ಕಂಪನಿಗಳಿಗೆ ಇದ್ದ ಹಾಗೆ.

ಸ್ವಂತ ಬಿಬಿಎಸ್ ನಡೆಸುವ ಆಸೆಯಿದ್ದರೆ ಎತ್ತುವ ಕಂಪ್ಯೂಟರ್‌ನಲ್ಲಿ ಸಿಂಕ್ರೊನೆಟ್ ಹಾಕಿ. ಅದೂ ಉಚಿತ. ಮೋಡೆಮ್‌ಗೆ ಬಂದ ಕರೆಯನ್ನು ಬಿಬಿಎಸ್‌ಗೆ ದಾಟಿಸುವ ಸಣ್ಣ ಪ್ರೋಗ್ರಾಂ ಕೂಡ ಅದೇ ಯೋಜನೆಯಲ್ಲಿ ಸಿಗುತ್ತದೆ.

## ಹಂತ 7: ಹೊರಗೆ ಕರೆ, ಕಿವಿಗೊಟ್ಟು ಕೇಳಿ

ಫೋನ್ ನಂಬರ್ ಇಟ್ಟುಕೊಂಡಿರುವ ಬಿಬಿಎಸ್‌ಗಳು ಈಗ ಬಹುತೇಕ ಹೊರದೇಶದವು. ಐಎಸ್‌ಡಿ ದರ ನಿಮಿಷಕ್ಕೆ ಎಷ್ಟು ಅಂತ ನೋಡಿ, ಗಡಿಯಾರ ಎದುರಿಗೆ ಇಟ್ಟುಕೊಂಡೇ ಡಯಲ್ ಮಾಡಿ. ಮೊದಲು ಟೆಲಿಫೋನಿನಿಂದ ಒಮ್ಮೆ ಅದೇ ನಂಬರ್ ಒತ್ತಿ ಕೇಳಿ. ಸಿಳ್ಳೆ ಕೇಳಿಸಿದರೆ ಅಲ್ಲಿ ಮೋಡೆಮ್ ಇದೆ. ಮನುಷ್ಯರು ಎತ್ತಿದರೆ ಕ್ಷಮೆ ಕೇಳಿ ಇಡಿ, ಆ ನಂಬರಿಗೆ ಮೋಡೆಮ್‌ನಿಂದ ಪದೇ ಪದೇ ಕರೆ ಮಾಡಬೇಡಿ. ಪಾಪ, ಅವರ ನಿದ್ದೆ.

ಪುಟ್ಟಿ ಮುಚ್ಚಿ, ಸಿಂಕ್‌ಟರ್ಮ್‌ನಲ್ಲಿ ಸೀರಿಯಲ್ ಸಂಪರ್ಕ ಆರಿಸಿ ಅದೇ ಪೋರ್ಟ್ ಕೊಡಿ. ಮೊದಲು ಎಟಿ, ಓಕೆ. ಆಮೇಲೆ 'ಎಟಿ ಡಿ ಟಿ' ಮತ್ತು ನಂಬರ್. ಹೊರಗಿನ ಲೈನಿಗೆ ಸೊನ್ನೆ ಒತ್ತಬೇಕಾದ ಕಡೆ ಸೊನ್ನೆಯ ನಂತರ ಅಲ್ಪವಿರಾಮ ಹಾಕಿ, ಮೋಡೆಮ್ 2 ಸೆಕೆಂಡ್ ತಡೆದು ಮುಂದುವರಿಯುತ್ತದೆ.

ಈಗ ಸ್ಪೀಕರ್‌ಗೆ ಕಿವಿಗೊಡಿ. ಟೋನ್, ನಂಬರಿನ ಸದ್ದು, ರಿಂಗ್. ಆಮೇಲೆ ಒಂದು ನೆಟ್ಟನೆಯ ತೆಳು ಸಿಳ್ಳೆ. ಅದು 2100 ಹರ್ಟ್ಸ್‌ನ ಉತ್ತರದ ಸ್ವರ. 'ನಾನು ಮೋಡೆಮ್' ಅಂತ ಹೇಳುವುದರ ಜತೆಗೆ ದಾರಿಯಲ್ಲಿರುವ ಎಕೋ ತಡೆಯುವ ಯಂತ್ರಗಳಿಗೆ 'ನೀವು ಸುಮ್ಮನಿರಿ' ಅಂತಲೂ ಹೇಳುತ್ತದೆ. ಅದರ ಮೇಲೆ ನಿಮ್ಮ ಮೋಡೆಮ್ ಸದ್ದು ಸೇರುತ್ತದೆ, ಎರಡೂ ಬೆರೆತು ಮಳೆ ಹೊಯ್ದ ಹಾಗೆ 'ಸೊರ್' ಅನ್ನುತ್ತದೆ. ಸದ್ದು ತಟ್ಟನೆ ನಿಂತು ಸಿಡಿ ದೀಪ ಹತ್ತಿ 'ಕನೆಕ್ಟ್ 2400' ಅಂತ ಬಂದರೆ ಕೂಡಿತು.

ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲೇ ಕಾರಣ ಇದೆ. ಸಿಳ್ಳೆಯೇ ಬರದೆ 'ನೋ ಕ್ಯಾರಿಯರ್' ಆದರೆ ಆಚೆ ಮೋಡೆಮ್ ಎತ್ತಿಲ್ಲ. ಸಿಳ್ಳೆ ಬಂದು, ಸೊರ್ ಸದ್ದು ಮತ್ತೆ ಮತ್ತೆ ಮೊದಲಿನಿಂದ ಶುರುವಾಗಿ ಕೊನೆಗೆ ಬಿಟ್ಟರೆ ವೇಗ ಜಾಸ್ತಿಯಾಗಿದೆ, ಇಳಿಸಿ. ರಿಂಗ್ ಆಗುತ್ತಿರುವಾಗಲೇ ಬಿಟ್ಟುಬಿಟ್ಟರೆ ಕಾಯುವ ಸಮಯ ಸಾಲದು, 'ಎಟಿ ಎಸ್7=90' ಕೊಡಿ. ದೂರದ ಕರೆಗೆ ಇದು ಬೇಕಾಗುತ್ತದೆ.

ಫೋನ್ ಲೈನೇ ಇಲ್ಲದವರಿಗೆ ವೈಫೈ ಮೋಡೆಮ್ ಅನ್ನುವ ಸಣ್ಣ ಬೋರ್ಡ್ ಸಿಗುತ್ತದೆ. ಹಳೇ ಕಂಪ್ಯೂಟರ್‌ನ ಸೀರಿಯಲ್ ಪೋರ್ಟಿಗೆ ಹಾಕಿ, 'ಎಟಿ ಡಿ ಟಿ' ನಂತರ ನಂಬರಿನ ಬದಲು ಟೆಲ್‌ನೆಟ್ ವಿಳಾಸ ಕೊಟ್ಟರೆ ಆಯಿತು. ಸಿಳ್ಳೆ ಕೇಳಿಸುವುದಿಲ್ಲ, ಉಳಿದದ್ದೆಲ್ಲ ಹಾಗೆಯೇ.

## ಹಂತ 8: ಒಳಗೆ ಹೋಗುವುದು

ಕನೆಕ್ಟ್ ಬಂದು ತೆರೆ ಖಾಲಿಯಿದ್ದರೆ ಕೆಲವು ಸೆಕೆಂಡ್ ಕಾಯಿರಿ, ಆಮೇಲೆ ಎಂಟರ್ ಒತ್ತಿ. ಆಗಲೂ ಏನೂ ಇಲ್ಲದಿದ್ದರೆ ಎಸ್ಕೇಪ್ ಎರಡು ಸಲ. ಕೆಲವು ಬಿಬಿಎಸ್‌ಗಳಲ್ಲಿ ಮೊದಲು ಫೋನ್ ಎತ್ತುವುದು ಬೇರೆ ಬಿಬಿಎಸ್‌ಗಳಿಗೆ ಸಂದೇಶ ಸಾಗಿಸುವ ಪ್ರೋಗ್ರಾಂ. ಮನುಷ್ಯರು ಬಂದಿದ್ದಾರೆ ಅಂತ ಅದಕ್ಕೆ ತಿಳಿಸಬೇಕು.

ಅಕ್ಷರಗಳ ನಡುವೆ ಕಸ ಬಂದರೆ ಸಿಂಕ್‌ಟರ್ಮ್‌ನ ಪೋರ್ಟ್ ಹೊಂದಿಕೆಯಲ್ಲಿ 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಇದೆಯಾ ನೋಡಿ. ಸುಮ್ಮನಿದ್ದಾಗಲೂ ತಾನಾಗಿ ಒಂದೆರಡು ಕಸದ ಅಕ್ಷರ ಉದುರಿದರೆ ಅದು ಲೈನಿನ ಗದ್ದಲ.

ಹೊಸಬರು ಹೆಸರಿನ ಜಾಗದಲ್ಲಿ 'ನ್ಯೂ' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಪಾಸ್‌ವರ್ಡ್ ಬೇರೆಲ್ಲೂ ಬಳಸದ್ದನ್ನೇ ಕೊಡಿ. ಇಲ್ಲಿ ಗುಟ್ಟು ಕಾಯುವ ಬೀಗ ಇಲ್ಲ, ಟೈಪ್ ಮಾಡಿದ್ದು ಹಾಗೇ ಹೋಗುತ್ತದೆ. ಬ್ಯಾಂಕಿನದ್ದು, ಇಮೇಲಿನದ್ದು ಖಂಡಿತ ಬೇಡ. ಸಂದೇಶ ಬರೆದರೆ ಉತ್ತರ ತಕ್ಷಣ ಬರುವುದಿಲ್ಲ, ಮರುದಿನ ಮತ್ತೆ ಕರೆ ಮಾಡಿ ನೋಡಬೇಕು.

2400 ವೇಗದಲ್ಲಿ ಸೆಕೆಂಡಿಗೆ 240 ಅಕ್ಷರ. ತುಂಬಿದ ಒಂದು ತೆರೆಗೆ 2000 ಅಕ್ಷರ, ಅಂದರೆ 8 ಸೆಕೆಂಡ್. ನಿಧಾನ ಅಂತ ಸಿಕ್ಕಿದ ಕೀ ಒತ್ತಬೇಡಿ. ಒತ್ತಿದ್ದೆಲ್ಲ ಸಾಲಿನಲ್ಲಿ ನಿಂತು ಒಂದೊಂದೇ ಕೆಲಸ ಮಾಡುತ್ತವೆ, ನೀವು ಬಯಸದ ಕಡೆ ಹೋಗಿ ನಿಲ್ಲುತ್ತೀರಿ.

## ಹಂತ 9: ಫೈಲ್ ಕಳಿಸುವುದು, ತರುವುದು

ಬಿಬಿಎಸ್ ಯಾವ ಪ್ರೋಟೋಕಾಲ್ (ಫೈಲ್ ಸಾಗಿಸುವ ವಿಧಾನ) ಅಂತ ಕೇಳಿದರೆ ಝಡ್‌ಮೋಡೆಮ್ ಅನ್ನಿ. ತರುವಾಗ ಸಿಂಕ್‌ಟರ್ಮ್ ತಾನೇ ಶುರು ಮಾಡುತ್ತದೆ. ಕಳಿಸುವಾಗ ಬಿಬಿಎಸ್‌ಗೆ ಮೊದಲು ಹೇಳಿ, ಅದು ಕಾಯಲು ಶುರು ಮಾಡಿದ ಮೇಲೆ ಪೇಜ್ ಅಪ್ ಒತ್ತಿ ಫೈಲ್ ಆರಿಸಿ. ಈ ಕ್ರಮ ಉಲ್ಟಾ ಆದರೆ ತೆರೆ ತುಂಬ ಕಸ ಬೀಳುತ್ತದೆ. ನಡುವೆ ಲೈನ್ ಕಡಿದರೂ ಝಡ್‌ಮೋಡೆಮ್ ಬಿಟ್ಟಲ್ಲಿಂದ ಮುಂದುವರಿಸಬಲ್ಲದು. ಹಳೇ ಎಕ್ಸ್‌ಮೋಡೆಮ್ 128 ಬೈಟ್‌ಗಳ ತುಂಡುಗಳಲ್ಲಿ ಕಳಿಸುತ್ತದೆ, ಕೊನೆಯ ತುಂಡು ತುಂಬದಿದ್ದರೆ ಬೇರೆ ಅಕ್ಷರ ಸೇರಿಸಿ ತುಂಬುತ್ತದೆ. ಫೈಲಿನ ಕೊನೆಯಲ್ಲಿ ವಿಚಿತ್ರ ಚಿಹ್ನೆ ಬಂದರೆ ಕಾರಣ ಇದೇ.

ಸಮಯದ ಲೆಕ್ಕ ಹಾಕಿ. 1.44 ಎಂಬಿಯ ಒಂದು ಫ್ಲಾಪಿಯಷ್ಟು ಫೈಲ್ 2400ರಲ್ಲಿ 1 ಗಂಟೆ 42 ನಿಮಿಷ, 14400ರಲ್ಲಿ ಸುಮಾರು 17 ನಿಮಿಷ. ಐಎಸ್‌ಡಿ ಕರೆಯಲ್ಲಿ ಮೊದಲನೆಯದಕ್ಕೆ ಕೈ ಹಾಕಬೇಡಿ.

ಕನ್ನಡ ಕಳಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. 437ನೇ ಕೋಷ್ಟಕದ 256 ಚಿಹ್ನೆಗಳಲ್ಲಿ ಕನ್ನಡ ಇಲ್ಲ, ಆದ್ದರಿಂದ ಬಿಬಿಎಸ್‌ನ ಸಂದೇಶದಲ್ಲಿ ಕನ್ನಡ ಲಿಪಿ ಮೂಡುವುದಿಲ್ಲ. ಆದರೆ ಫೈಲ್ ಆಗಿ ಖಂಡಿತ ಕಳಿಸಬಹುದು. ನೋಟ್‌ಪ್ಯಾಡಿನಲ್ಲಿ ಕನ್ನಡದಲ್ಲಿ ಬರೆದು ಯುಟಿಎಫ್-8ನಲ್ಲಿ ಉಳಿಸಿ, ಝಡ್‌ಮೋಡೆಮ್‌ನಲ್ಲಿ ಕಳಿಸಿ. ಮೋಡೆಮ್‌ಗೆ ಭಾಷೆ ಗೊತ್ತಿಲ್ಲ, ಬೈಟ್ ಹಾಗೇ ದಾಟಿಸುತ್ತದೆ. 'ಕ' ಅನ್ನುವ ಒಂದಕ್ಷರಕ್ಕೆ 3 ಬೈಟ್, 'ಕಿ'ಗೆ ಗುಡಿಸು ಸೇರಿ 6. ನಾನು ಮನೆಯ ಇಂಟರ್‌ಕಾಂನಲ್ಲಿ ಒಂದು ಪುಟ ಕಳಿಸಿ ನೋಡಿದ್ದೇನೆ. ಡೇಟಾ ಬರುವುದನ್ನು ತೋರಿಸುವ ಆರ್‌ಡಿ ದೀಪ ಇಪ್ಪತ್ತು ಸೆಕೆಂಡ್ ಮಿನುಗಿತು, ಆ ಕಡೆ ತೆರೆದಾಗ ಒಂದು ಒತ್ತಕ್ಷರವೂ ಕೆಟ್ಟಿರಲಿಲ್ಲ. ಆ ಖುಷಿಗಾಗಿಯಾದರೂ ಇದನ್ನು ಮಾಡಿ ನೋಡಿ.

## ಹಂತ 10: ಫೋನ್ ಇಡುವುದು

ಮೊದಲು ಬಿಬಿಎಸ್‌ನ ಮೆನುವಿನಲ್ಲಿ ಗುಡ್‌ಬೈ ಅಥವಾ ಲಾಗಾಫ್ ಆರಿಸಿ. ಸುಮ್ನೆ ವೈರ್ ಕಿತ್ತರೆ ಆಚೆಯ ಮೋಡೆಮ್‌ಗೆ ನೀವು ಹೋದದ್ದು ತಿಳಿಯಲು ಹೊತ್ತು ಬೇಕು. ಒಂದೇ ಲೈನ್ ಇರುವ ಬಿಬಿಎಸ್ ಆದರೆ ಅಷ್ಟು ಹೊತ್ತು ಇನ್ನೊಬ್ಬರಿಗೆ ಎಂಗೇಜ್. ಸರಿಯಾಗಿ ಹೊರಬಂದರೆ 'ನೋ ಕ್ಯಾರಿಯರ್' ಅಂತ ಬರುತ್ತದೆ. ಈ ಸಲ ಅದು ಒಳ್ಳೆಯ ಸುದ್ದಿ.

ಬರದಿದ್ದರೆ ಒಂದು ಸೆಕೆಂಡ್ ಏನೂ ಒತ್ತದೆ ಕೂರಿ, '+++' ಒತ್ತಿ, ಎಂಟರ್ ಒತ್ತಬೇಡಿ, ಮತ್ತೆ ಒಂದು ಸೆಕೆಂಡ್ ಸುಮ್ಮನಿರಿ. 'ಓಕೆ' ಬರುತ್ತದೆ. ಆಗ 'ಎಟಿ ಎಚ್'. ಮುಂಚೆ, ಆಮೇಲೆ ಆ ಮೌನ ಇಲ್ಲದಿದ್ದರೆ ಮೂರು ಪ್ಲಸ್‌ಗಳನ್ನು ನಿಮ್ಮ ಸಂದೇಶದ ಭಾಗ ಅಂದುಕೊಂಡು ಮೋಡೆಮ್ ಆಚೆಗೆ ಕಳಿಸಿಬಿಡುತ್ತದೆ.

ಮೋಡೆಮ್ ಫೋನ್ ಎತ್ತಿದ್ದಾಗ ಹತ್ತಿರುವ 'ಒಎಚ್' ದೀಪ ಆರಿದೆಯಾ ನೋಡಿ. ಆಮೇಲೆ ಟೆಲಿಫೋನ್ ರಿಸೀವರ್ ಎತ್ತಿ ಕಿವಿಗಿಡಿ. ಡಯಲ್ ಟೋನ್ ಕೇಳಿಸಿದರೆ ಲೈನ್ ಬಿಟ್ಟಿದೆ. ಕೇಳಿಸದಿದ್ದರೆ ಮೋಡೆಮ್ ಪವರ್ ಆರಿಸಿ ಮತ್ತೆ ಕೇಳಿ. ಕೊನೆಗೆ ಫೋನ್ ವೈರ್, ಕರೆಂಟ್ ಪ್ಲಗ್ ಎರಡನ್ನೂ ಕಿತ್ತು ಸುತ್ತಿಡಿ.